ಒಂದೇ ಮಾಲು ಇಬ್ಬರಿಗೆ ಮಾರಬಾರದು

ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರು ಸೇರಿ ಒಣದ್ರಾಕ್ಷಿ ಮಾರಾಟಕ್ಕೆ ಒಂದು ವೆಬ್‌ಸೈಟ್ ಮಾಡಿದರು ಎಂದಿಟ್ಟುಕೊಳ್ಳಿ. ಉಳಿದ ದಿನಗಳಲ್ಲಿ ಒಂದೇ ಸರ್ವರ್ ಧಾರಾಳ ಸಾಕು. ಲಿಲಾವಿನ ದಿನ ವಿಜಯಪುರ, ಸೋಲಾಪುರ, ತಾಸಗಾಂವದ ವ್ಯಾಪಾರಿಗಳು ಒಮ್ಮೆಲೇ ಮುಗಿಬಿದ್ದರೆ ಪುಟವೇ ತೆರೆಯುವುದಿಲ್ಲ. "ಇನ್ನೆರಡು ಸರ್ವರ್ ಹಾಕ್ರಿ" ಎಂಬ ಸಲಹೆ ಆಗ ತಾನಾಗಿ ಬರುತ್ತದೆ. ಸಲಹೆ ಸರಿಯೇ. ಆದರೆ ಆ ಸರ್ವರ್‌ಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳಬೇಕೋ, ತಮ್ಮ ಪಾಡಿಗೆ ತಾವು ದುಡಿದರೆ ಸಾಕೋ ಎಂಬುದು ಮೊದಲು ತೀರ್ಮಾನವಾಗಬೇಕು. ತಮ್ಮ ಪಾಡಿಗೆ ದುಡಿಯಲು ಲೋಡ್ ಬ್ಯಾಲೆನ್ಸರ್ ಸಾಕು. ಮಾತುಕತೆ ಬೇಕೆಂದರೆ ಕ್ಲಸ್ಟರ್, ಅಂದರೆ ಒಂದಾಗಿ ದುಡಿಯುವ ಯಂತ್ರಗಳ ಗುಂಪು, ಕಟ್ಟಬೇಕು.

ಲೋಡ್ ಬ್ಯಾಲೆನ್ಸರ್ ಸುಲಭದ್ದು. ಎಲ್ಲರಿಗಿಂತ ಮುಂದೆ ನಿಂತು, ಬಂದ ಕೋರಿಕೆಗಳನ್ನು ಹಿಂದಿರುವ ಸರ್ವರ್‌ಗಳಿಗೆ ಹಂಚುತ್ತದೆ. ಸರದಿಯಂತೆ ಹಂಚಬಹುದು, ಇಲ್ಲವೇ ಯಾರ ಕೈಯಲ್ಲಿ ಕೆಲಸ ಕಡಿಮೆಯಿದೆಯೋ ಅವರಿಗೆ ಕೊಡಬಹುದು. ಕೆಲವು ಸೆಕೆಂಡಿಗೊಮ್ಮೆ ಪ್ರತಿ ಸರ್ವರನ್ನೂ ವಿಚಾರಿಸಿ, ಉತ್ತರ ಕೊಡದ್ದನ್ನು ಪಟ್ಟಿಯಿಂದ ಕೈಬಿಡುತ್ತದೆ. 2001ರ ಎಚ್‌ಎ‌ಪ್ರಾಕ್ಸಿ, 2004ರ ಎಂಜಿನ್‌ಎಕ್ಸ್ ಎರಡೂ ಉಚಿತವಾಗಿ ಸಿಗುವ ತಂತ್ರಾಂಶಗಳು, ಇಂದಿಗೂ ಜಗತ್ತಿನಾದ್ಯಂತ ದುಡಿಯುತ್ತಿವೆ. ಲಾಗಿನ್ ವಿಷಯದಲ್ಲಿ ಒಂದು ಎಚ್ಚರ ಬೇಕು: ಒಂದು ಸರ್ವರಿನಲ್ಲಿ ಲಾಗಿನ್ ಆದವನನ್ನು ಇನ್ನೊಂದು ಗುರುತಿಸುವುದಿಲ್ಲ. ಸೆಷನ್ ಮಾಹಿತಿಯನ್ನು, ಅಂದರೆ ಯಾರು ಲಾಗಿನ್ ಆಗಿದ್ದಾರೆಂಬ ದಾಖಲೆಯನ್ನು, ಎಲ್ಲ ಸರ್ವರ್‌ಗಳಿಗೂ ಎಟಕುವ ಒಂದು ಕಡೆ ಇಟ್ಟರೆ ಅದು ಬಗೆಹರಿಯುತ್ತದೆ.

ನಿಜವಾದ ಕಷ್ಟ ಮಾಲಿನ ಲೆಕ್ಕದಲ್ಲಿದೆ. ಒಬ್ಬ ರೈತರ 100 ಬಾಕ್ಸ್ ಮಾರಾಟಕ್ಕಿವೆ. ಸೋಲಾಪುರದ ವ್ಯಾಪಾರಿಯ ಕೋರಿಕೆ ಮೊದಲ ಸರ್ವರಿಗೆ ಹೋಯಿತು, ತಾಸಗಾಂವದವರದ್ದು ಎರಡನೆಯದಕ್ಕೆ. ಮೊದಲನೆಯದು ಲೆಕ್ಕ ಓದುತ್ತದೆ: 100 ಇದೆ. ಅದು "ಮಾರಾಟವಾಯಿತು" ಎಂದು ಬರೆಯುವ ಮುನ್ನ, ಕೆಲವೇ ಮಿಲಿಸೆಕೆಂಡುಗಳ ಆ ಸಂದಿಯಲ್ಲಿ, ಎರಡನೆಯದೂ ಓದುತ್ತದೆ: 100 ಇದೆ. ಇಬ್ಬರಿಗೂ "ನಿಮ್ಮ ಸೌದಾ ಆಯಿತು" ಎಂಬ ಸಂದೇಶ ಹೋಗುತ್ತದೆ. ಮರುದಿನ ಎರಡು ಲಾರಿ ಒಂದೇ ಗೋದಾಮಿನ ಮುಂದೆ ನಿಲ್ಲುತ್ತವೆ. ಅದಕ್ಕೇ ಎಲ್ಲ ಸರ್ವರ್‌ಗಳೂ ಲೆಕ್ಕವನ್ನು ಒಂದೇ ಡೇಟಾಬೇಸಿನಲ್ಲಿ ಬರೆಯುತ್ತವೆ. ಒಬ್ಬರ ವ್ಯವಹಾರ ಮುಗಿಯುವ ತನಕ ಆ ಮಾಲಿನ ದಾಖಲೆಯ ಸಾಲಿಗೆ ಬೀಗ ಹಾಕಿ, ಇನ್ನೊಬ್ಬರನ್ನು ಕಾಯಿಸುವುದು ಡೇಟಾಬೇಸಿನ ಕೆಲಸ. ಆದರೆ ಈಗ ಭಾರವೆಲ್ಲ ಆ ಒಂದು ಯಂತ್ರದ ತಲೆಗೆ ಬಂತು. ಅದು ಕೆಟ್ಟರೆ ಮುಂದೆ ಎಷ್ಟು ಸರ್ವರ್ ಇದ್ದೂ ಉಪಯೋಗವಿಲ್ಲ.

ಕ್ಲಸ್ಟರ್ ಬೇಕಾಗುವುದು ಈ ಜಾಗದಲ್ಲಿ. ಇದರ ಯಂತ್ರಗಳು "ನಾನು ಬದುಕಿದ್ದೇನೆ" ಎಂದು ಒಂದಕ್ಕೊಂದು ಸದಾ ತಿಳಿಸುತ್ತಿರುತ್ತವೆ ಮತ್ತು ತಮ್ಮಲ್ಲೇ ಒಂದನ್ನು ಮುಖ್ಯ ಯಂತ್ರವಾಗಿ ಆರಿಸಿಕೊಳ್ಳುತ್ತವೆ. ಮೂರು ಯಂತ್ರಗಳಿದ್ದರೆ ಕನಿಷ್ಠ ಎರಡರಲ್ಲಿ ದಾಖಲಾದ ಮೇಲಷ್ಟೇ ಸೌದಾ ಪಕ್ಕಾ. ಒಂದು ಸತ್ತರೂ ಉಳಿದೆರಡು ಬಹುಮತದಿಂದ ನಡೆಸಿಕೊಂಡು ಹೋಗುತ್ತವೆ. ಐದಿದ್ದರೆ ಎರಡು ಸತ್ತರೂ ನಡೆಯುತ್ತದೆ. ಎರಡೇ ಯಂತ್ರಗಳ ಕ್ಲಸ್ಟರ್ ಮಾತ್ರ ಅಪಾಯಕಾರಿ. ನಡುವಿನ ಕೇಬಲ್ ತುಂಡಾದರೆ ಪ್ರತಿಯೊಂದೂ ಇನ್ನೊಂದು ಸತ್ತಿತೆಂದು ಭಾವಿಸಿ ತಾನೇ ಯಜಮಾನನಾಗಿ ಬರೆಯತೊಡಗಬಹುದು, ಆಗ ಅದೇ 100 ಬಾಕ್ಸ್ ಮತ್ತೆ ಇಬ್ಬರಿಗೆ ಹೋಗುತ್ತವೆ. ಬಹುಮತದ ಈ ನಿಯಮಗಳನ್ನು ಸಾಮಾನ್ಯ ಎಂಜಿನಿಯರಿಗೂ ಅರ್ಥವಾಗುವಂತೆ ರೂಪಿಸಿದ ರಾಫ್ಟ್ ವಿಧಾನವನ್ನು ಡಿಯಾಗೋ ಒಂಗಾರೊ ಮತ್ತು ಜಾನ್ ಔಸ್ಟರ್‌ಹೌಟ್ 2014ರಲ್ಲಿ ಪ್ರಕಟಿಸಿದರು. ನನ್ನ ಪ್ರಕಾರ ಈ ಕಾಲದ ಕಂಪ್ಯೂಟರ್ ವಿಜ್ಞಾನದ ಅತ್ಯುಪಯುಕ್ತ ಕೆಲಸಗಳಲ್ಲಿ ಅದೂ ಒಂದು.

ಇಷ್ಟಿದ್ದರೂ ಕ್ಲಸ್ಟರ್ ಎಡವುತ್ತದೆ. 2018ರ ಅಕ್ಟೋಬರ್ 21ರಂದು, ತಂತ್ರಾಂಶ ಬರೆಯುವವರು ತಮ್ಮ ಕೋಡ್ ಇಡುವ ತಾಣವಾದ ಗಿಟ್‌ಹಬ್‌ನ ಅಮೆರಿಕ ಪೂರ್ವ ಕರಾವಳಿಯ ಡೇಟಾ ಸೆಂಟರಿನ ಸಂಪರ್ಕ 43 ಸೆಕೆಂಡು ತಪ್ಪಿತು. ಬಹುಮತದ ನಿಯಮದಂತೆ ಪಶ್ಚಿಮ ಕರಾವಳಿಯ ಡೇಟಾಬೇಸುಗಳು ಮುಖ್ಯವಾದವು. ಆದರೆ ಪೂರ್ವದಲ್ಲಿ ಆಗಲೇ ಬರೆದಿದ್ದ ಒಂದಿಷ್ಟು ದಾಖಲೆ ಪಶ್ಚಿಮಕ್ಕೆ ತಲುಪಿರಲಿಲ್ಲ, ಪಶ್ಚಿಮ ಹೊಸದನ್ನು ಬರೆಯತೊಡಗಿತ್ತು. ಎರಡನ್ನೂ ಹೊಂದಿಸಿ ಸೇವೆ ಪೂರ್ತಿ ಸರಿಯಾಗಲು 24 ಗಂಟೆ 11 ನಿಮಿಷ ಹಿಡಿಯಿತು. ಬೇಗ ಸೇವೆ ಕೊಡುವ ಆತುರಕ್ಕಿಂತ ಬಳಕೆದಾರರ ಮಾಹಿತಿ ಉಳಿಸುವುದೇ ಮುಖ್ಯವೆಂದು ಗಿಟ್‌ಹಬ್‌ನವರು ನಿರ್ಧರಿಸಿದ್ದರು. ಅದು ಸರಿಯಾದ ನಿರ್ಧಾರವೆಂದೇ ನನ್ನ ನಂಬಿಕೆ.

ಕ್ಲಸ್ಟರಿಗೆ ಯಂತ್ರ ಸೇರಿಸಿದಷ್ಟೂ ವೇಗ ಹೆಚ್ಚುತ್ತದೆ ಎಂಬುದು ತಪ್ಪು ಕಲ್ಪನೆ. ಓದುವ ಕೆಲಸ ಹಂಚಿಹೋಗಬಹುದು, ಬರೆಯುವಾಗ ಮಾತ್ರ ಹೆಚ್ಚು ಯಂತ್ರಗಳ ಒಪ್ಪಿಗೆ ಬೇಕು. ದೂರವೂ ಲೆಕ್ಕಕ್ಕೆ ಬರುತ್ತದೆ. ಆಪ್ಟಿಕಲ್ ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ. ಬೆಳಗಾವಿಯಿಂದ ಬೆಂಗಳೂರಿಗೆ ಸುಮಾರು 500 ಕಿ.ಮೀ. ಎಂದರೆ ಹೋಗಿಬರಲು 5 ಮಿಲಿಸೆಕೆಂಡು, ಅದೂ ಕೇಬಲ್ ನೇರವಾಗಿದ್ದರೆ. ಎರಡೂ ಊರಿನ ಒಪ್ಪಿಗೆ ಬೇಕೆಂದರೆ ಪ್ರತಿ ಸೌದಾಕ್ಕೂ ಇಷ್ಟು ಕಾಯಲೇಬೇಕು.

ನಮ್ಮ ಒಣದ್ರಾಕ್ಷಿ ಸೈಟಿಗೆ ನಾನು ಹೇಳುವುದಿಷ್ಟು. ಮೊದಲು ನಿಧಾನವಾದ ಕ್ವೆರಿಗಳಿಗೆ (ಡೇಟಾಬೇಸಿಗೆ ಕೇಳುವ ಪ್ರಶ್ನೆಗಳಿಗೆ) ಇಂಡೆಕ್ಸ್ ಎಂಬ ಹುಡುಕುಪಟ್ಟಿ ಹಾಕಿ, ಮಾಲಿನ ಫೋಟೋಗಳನ್ನು ಕ್ಯಾಶ್ ಎಂಬ, ಬೇಗ ಕೈಗೆಟಕುವ ತಾತ್ಕಾಲಿಕ ಸಂಗ್ರಹದಲ್ಲಿಡಿ. ಅರ್ಧ ಭಾರ ಅಲ್ಲೇ ಇಳಿದರೂ ಇಳಿದೀತು. ಲೋಡ್ ಬ್ಯಾಲೆನ್ಸರ್ ಎರಡಿರಲಿ, ಒಂದೇ ಇದ್ದು ಕೆಟ್ಟರೆ ಬಾಗಿಲೇ ಮುಚ್ಚಿದಂತೆ. ಡೇಟಾಬೇಸ್ ಮೂರು ಯಂತ್ರಗಳ ಕ್ಲಸ್ಟರಿನಲ್ಲಿರಲಿ. ಲಿಲಾವಿನ ದಿನ ಬೆಳಿಗ್ಗೆ ವೆಬ್ ಸರ್ವರ್‌ಗಳನ್ನು ಬೇಕಾದಷ್ಟು ಸೇರಿಸಿ, ಸಂಜೆ ತೆಗೆಯಿರಿ. ಡೇಟಾಬೇಸಿನ ಮೂರು ಯಂತ್ರಗಳನ್ನು ಆ ದಿನ ಮುಟ್ಟಲು ಹೋಗಬೇಡಿ.