ಎಲೆಕೋಸಿನಲ್ಲಿ ಕೀಟನಾಶಕದ ಉಳಿಕೆ: ವರದಿಯ ಅಂಕಿಯಿಂದ ಅಪಾಯದ ಲೆಕ್ಕದವರೆಗೆ

ತರಕಾರಿಯ ಕೀಟನಾಶಕ ಉಳಿಕೆ ಪರೀಕ್ಷೆಯ ವರದಿಯಲ್ಲಿ ‘ಮಿತಿ ಮೀರಿದೆ’ ಎಂದಿದ್ದರೆ ಆ ತರಕಾರಿ ವಿಷ, ‘ಪತ್ತೆಯಾಗಿಲ್ಲ’ ಎಂದಿದ್ದರೆ ಶುದ್ಧ ಎಂದು ವಿದ್ಯಾರ್ಥಿಗಳ ಎಷ್ಟೋ ಉತ್ತರಪತ್ರಿಕೆಗಳು ಹೇಳುತ್ತವೆ. ಎರಡೂ ಸರಿಯಲ್ಲ.

ಮೊದಲು ಪತ್ತೆಹಚ್ಚುವ ಕೆಲಸ. ತರಕಾರಿಯಿಂದ ಉಳಿಕೆಯನ್ನು ಹೊರತೆಗೆಯಲು 2003ರಲ್ಲಿ ಪ್ರಕಟವಾದ ಕ್ವೆಚರ್ಸ್ ವಿಧಾನವೇ ಈಗ ವ್ಯಾಪಕವಾಗಿ ಬಳಕೆಯಲ್ಲಿದೆ. ನುಣ್ಣಗೆ ಅರೆದ 10 ಗ್ರಾಂ ಎಲೆಕೋಸಿಗೆ 10 ಮಿಲಿಲೀಟರ್ ಅಸಿಟೋನೈಟ್ರೈಲ್ ಎಂಬ ದ್ರಾವಕ ಸೇರಿಸಿ ಕುಲುಕಬೇಕು. ಬಳಿಕ 4 ಗ್ರಾಂ ಮೆಗ್ನೀಷಿಯಂ ಸಲ್ಫೇಟ್, 1 ಗ್ರಾಂ ಉಪ್ಪು. ಸಲ್ಫೇಟ್ ನೀರು ಹೀರುತ್ತಿದ್ದಂತೆ ನಳಿಕೆ ಕೈಗೆ ಬಿಸಿ ತಾಗುತ್ತದೆ. ತಕ್ಷಣ ಜೋರಾಗಿ ಕುಲುಕದಿದ್ದರೆ ಅದು ಉಂಡೆ ಕಟ್ಟುತ್ತದೆ, ಉಳಿಕೆ ಪೂರ್ತಿ ಹೊರಬರುವುದಿಲ್ಲ. ಮೇಲೆ ನಿಂತ ದ್ರಾವಣವನ್ನು ಶುದ್ಧಗೊಳಿಸಿ ಬೆರೆತ ರಾಸಾಯನಿಕಗಳನ್ನು ಬೇರ್ಪಡಿಸುವ ಕ್ರೊಮ್ಯಾಟೋಗ್ರಫಿ ಮತ್ತು ಅವನ್ನು ಗುರುತಿಸಿ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್ ಜೋಡಿಸಿದ ಯಂತ್ರಕ್ಕೆ ಕೊಡುತ್ತಾರೆ. ಗೊತ್ತಿರುವಷ್ಟು ಕೀಟನಾಶಕವನ್ನು ತಾವೇ ಬೆರೆಸಿ ನೋಡಿದಾಗ ಅದರ ಶೇ 70ರಿಂದ 120ರಷ್ಟು ಮರಳಿ ಸಿಕ್ಕರೆ ವಿಧಾನ ನಂಬಲರ್ಹ.

ಆದರೆ ತರಕಾರಿ ಬೆಳೆಗಳಿಗೆ ಸಾಮಾನ್ಯವಾಗಿ ಸಿಂಪಡಿಸುವ ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕ ಈ ಜಾಲಕ್ಕೆ ಬೀಳುವುದೇ ಇಲ್ಲ. ಅದನ್ನು ಆಮ್ಲದಲ್ಲಿ ಕಾಯಿಸಿ, ಹೊರಡುವ ಕಾರ್ಬನ್ ಡೈಸಲ್ಫೈಡನ್ನು ಪ್ರತ್ಯೇಕವಾಗಿ ಅಳೆಯಬೇಕು. ಆದ್ದರಿಂದ ‘ಪತ್ತೆಯಾಗಿಲ್ಲ’ ಎಂಬುದನ್ನು ಓದುವ ಮುನ್ನ ಏನೇನನ್ನು ಹುಡುಕಿದ್ದಾರೆ ಎಂಬ ಪಟ್ಟಿಯನ್ನು ನೋಡಿ.

ಇನ್ನು ಮಿತಿಯ ಮಾತು. ಎಂಆರ್‌ಎಲ್ ಎಂಬ ಗರಿಷ್ಠ ಮಿತಿ ಮುಖ್ಯವಾಗಿ ಹೊಲದ ಶಿಸ್ತಿನ ಅಳತೆ: ಶಿಫಾರಸಿನಂತೆ ಸಿಂಪಡಿಸಿ, ಕೊಯ್ಲಿಗೆ ಮುನ್ನ ನಿಗದಿತ ದಿನ ಕಾದರೆ ಎಷ್ಟು ಉಳಿಯಬಹುದು ಎಂಬುದು ಅದರ ಆಧಾರ. ದೇಹದ ಅಳತೆ ಬೇರೆ, ಅದು ಎಡಿಐ: ಜೀವನವಿಡೀ ದಿನವೂ ಸೇವಿಸಿದರೂ ತೊಂದರೆಯಾಗದೆಂದು ಅಂದಾಜಿಸಿದ ಪ್ರಮಾಣ. ಪ್ರಾಣಿಗಳಲ್ಲಿ ದುಷ್ಪರಿಣಾಮ ಕಾಣದ ಪ್ರಮಾಣವನ್ನು ಸಾಮಾನ್ಯವಾಗಿ 100ರಿಂದ ಭಾಗಿಸಿ ಇದನ್ನು ಪಡೆಯುತ್ತಾರೆ.

ಲೆಕ್ಕ ಮಾಡಿ ನೋಡೋಣ. ಅಂಕಿಗಳು ಅಭ್ಯಾಸಕ್ಕಾಗಿ ಮಾತ್ರ. ಎಲೆಕೋಸಿನಲ್ಲಿ ಕಿಲೋಗೆ 0.2 ಮಿಲಿಗ್ರಾಂ ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕ ಇದೆ. 60 ಕಿಲೋ ತೂಕದವರು ದಿನಕ್ಕೆ 200 ಗ್ರಾಂ ತಿಂದರೆ ಸೇವನೆ 0.2 × 0.2 ÷ 60, ಅಂದರೆ ದೇಹತೂಕದ ಕಿಲೋಗೆ ಸುಮಾರು 0.00067 ಮಿಲಿಗ್ರಾಂ. ಕೀಟನಾಶಕ ಉಳಿಕೆಗಳ ಅಂತರರಾಷ್ಟ್ರೀಯ ತಜ್ಞರ ಸಮಿತಿ ಜೆಎಂಪಿಆರ್‌ನ ಎಡಿಐ ದೇಹತೂಕದ ಕಿಲೋಗೆ 0.01 ಮಿಲಿಗ್ರಾಂ, ಸೇವನೆಯನ್ನು ಅದರಿಂದ ಭಾಗಿಸಿದರೆ ಅಪಾಯದ ಅನುಪಾತ 0.067. ಅದು 1ಕ್ಕಿಂತ ಕಡಿಮೆಯಿದ್ದರೆ ಕಳವಳ ಕಡಿಮೆ. 15 ಕಿಲೋ ತೂಕದ ಮಗು ಅದರ ಅರ್ಧ, 100 ಗ್ರಾಂ ತಿಂದರೂ ಅನುಪಾತ 0.133, ಇಮ್ಮಡಿ. ಮಕ್ಕಳ ಲೆಕ್ಕವನ್ನು ಬಿಟ್ಟು ಬರೆದ ಉತ್ತರ ಅರ್ಧ ಉತ್ತರವೇ. ಕ್ಲೋರ್‌ಪೈರಿಫಾಸ್‌ನಂತೆಯೇ ನರಗಳ ಕಿಣ್ವವನ್ನು ತಡೆಯುವ ಬೇರೆ ಆರ್ಗನೋಫಾಸ್ಫೇಟ್‌ಗಳೂ ಜೊತೆಗಿದ್ದರೆ ಅವುಗಳ ಅನುಪಾತವನ್ನೂ ಕೂಡಿಸಬೇಕು.

ಈ ಎಡಿಐ ಕೂಡ ಕಲ್ಲಿನಲ್ಲಿ ಕೆತ್ತಿದ್ದಲ್ಲ. 2019ರಲ್ಲಿ ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ, ವಂಶವಾಹಿಗಳಿಗೆ ಹಾನಿಯ ಸಾಧ್ಯತೆಯನ್ನು ತಳ್ಳಿಹಾಕಲಾಗದ ಕಾರಣ, ಕ್ಲೋರ್‌ಪೈರಿಫಾಸ್‌ಗೆ ಸುರಕ್ಷಿತ ಪ್ರಮಾಣವನ್ನೇ ನಿಗದಿಪಡಿಸಲಾಗದು ಎಂದಿತು. 2020ರಲ್ಲಿ ಐರೋಪ್ಯ ಒಕ್ಕೂಟ ಅದರ ಅನುಮತಿಯನ್ನು ನವೀಕರಿಸಲಿಲ್ಲ. ಆ ನಿಲುವನ್ನು ಒಪ್ಪಿದರೆ ಮೇಲಿನ ಲೆಕ್ಕಕ್ಕೆ ಛೇದವೇ ಇರುವುದಿಲ್ಲ.