ದೇವರಿಗೆ ಆಗದ ಕೆಲಸ ಉಂಟಾ? ಹಳೇ ಜಗಳವೊಂದರ ಹಿನ್ನೆಲೆ

ಅಡಿಕೆಗೆ ಎಲೆಚುಕ್ಕಿ ಬಿದ್ದ ವರ್ಷ ತೀರ್ಥಹಳ್ಳಿ, ಹೊಸನಗರ ಕಡೆಯ ಕ್ರೈಸ್ತ ಮನೆಗಳಲ್ಲಿ ಒಂದು ಪ್ರಶ್ನೆ ಏಳದೇ ಇರುವುದಿಲ್ಲ. ದೇವರು ಸರ್ವಶಕ್ತ ಅಂತೀವಿ, ಈ ರೋಗ ನಿಲ್ಲಿಸೋದು ಅವನಿಗೇನು ಕಷ್ಟ? ಪ್ರಾರ್ಥನೆ ಮಾಡಿ, ಅವನಿಗೆ ಆಗದ್ದು ಯಾವುದೂ ಇಲ್ಲ ಅಂತಾರೆ ದೊಡ್ಡವರು. ದೇವರಿಗೇ ಎತ್ತಲಾಗದ ಕಲ್ಲನ್ನು ದೇವರು ಮಾಡಬಲ್ಲನಾ ಅಂತ ಹುಡುಗರು ಮೊಬೈಲಿನಲ್ಲಿ ಒಗಟು ಕಳಿಸುತ್ತಾರೆ. ಅಲ್ಲಿಗೆ ಮಾತು ಕೆಡುತ್ತದೆ. ತಮಾಷೆ ಏನೆಂದರೆ, ಇಬ್ಬರೂ ಸರ್ವಶಕ್ತ ಅಂದರೆ ಏನು ಬೇಕಾದರೂ ಮಾಡಿಬಿಡುವವನು ಅಂತಲೇ ತಿಳಿದಿದ್ದಾರೆ. ಚರ್ಚಿನ ಹಳಬರು ಹೇಳಿದ್ದು ಇಷ್ಟು ಸಲೀಸಾಗಿ ಇಲ್ಲ.

ಬೈಬಲ್ಲಿನಲ್ಲೇ ಎರಡೂ ಕಡೆಯ ಮಾತಿದೆ. ದೇವರಿಗೆ ಎಲ್ಲವೂ ಸಾಧ್ಯ ಅಂತ ಮತ್ತಾಯನ ಸುವಾರ್ತೆಯ 19ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳುತ್ತಾರೆ. ದೇವರು ಸುಳ್ಳಾಡಲಾರ ಅನ್ನುತ್ತದೆ ಇಬ್ರಿಯರಿಗೆ ಬರೆದ ಪತ್ರ. 325ರಲ್ಲಿ ಬಿಷಪ್‌ಗಳು ಸೇರಿದ್ದ ನಿಸೇಯಾ ಸಭೆ ವಿಶ್ವಾಸ ಪ್ರಮಾಣದ ಮೊದಲ ಸಾಲಿಗೇ 'ಸರ್ವಶಕ್ತ'ನನ್ನು ತಂದಿತು. ಶಿವಮೊಗ್ಗದ ಬಿ.ಎಚ್. ರಸ್ತೆಯ ಸೇಕ್ರೆಡ್ ಹಾರ್ಟ್ ಚರ್ಚಿನಲ್ಲಿ ಭಾನುವಾರದ ಪೂಜೆಯಲ್ಲಿ ಇವತ್ತಿಗೂ ಹೇಳುವುದು ಅದನ್ನೇ. 5ನೇ ಶತಮಾನದಲ್ಲಿ ಸಂತ ಅಗಸ್ಟೀನರು ಇನ್ನೊಂದು ಗೆರೆ ಎಳೆದರು. ದೇವರು ಸಾಯಲಾರ, ಮೋಸಹೋಗಲಾರ. ಸರ್ವಶಕ್ತ ಆಗಿರುವುದರಿಂದಲೇ ಅದು ಅವನಿಗೆ ಆಗುವುದಿಲ್ಲ ಅಂದರು.

ನಿಜವಾದ ಜಟಾಪಟಿ ಶುರುವಾಗಿದ್ದು 11ನೇ ಶತಮಾನದಲ್ಲಿ, ಅದೂ ಊಟದ ಮೇಜಿನಲ್ಲಿ. ಇಟಲಿಯ ಮೊಂಟೆ ಕಸಿನೊ ಮಠ. ಕೆಟ್ಟುಹೋದ ಕನ್ಯತ್ವವನ್ನು ದೇವರೂ ಮರಳಿ ಕೊಡಲಾರ ಎಂಬ ಸಂತ ಜೆರೋಮರ ಮಾತು ಅಲ್ಲಿ ಚರ್ಚೆಗೆ ಬಂತು. ಮಠಾಧಿಪತಿ ಡೆಸಿಡೇರಿಯಸ್ ಒಪ್ಪಿದರು. ಅತಿಥಿಯಾಗಿದ್ದ ಸನ್ಯಾಸಿ ಪೀಟರ್ ಡೇಮಿಯನ್ ಒಪ್ಪಲಿಲ್ಲ. 1065ರ ಸುಮಾರಿಗೆ ಅದೇ ವಿಷಯಕ್ಕೆ ಒಂದು ಉದ್ದನೆಯ ಪತ್ರ ಬರೆದರು. ಹಾಗಾದರೆ ಕಟ್ಟಿದ ರೋಮ್ ನಗರವನ್ನು ಕಟ್ಟೇ ಇಲ್ಲ ಅನ್ನುವ ಹಾಗೆ ದೇವರು ಮಾಡಬಲ್ಲನಾ ಅಂತ ಯಾರಾದರೂ ಕೇಳಿದರೆ? ದೇವರಿಗೆ ನಿನ್ನೆ, ನಾಳೆ ಅಂತ ಇಲ್ಲ, ಎಲ್ಲವೂ ಈಗಲೇ ಅನ್ನುವುದು ಅವರ ಉತ್ತರ. ಜಾಣ ಉತ್ತರ. ಆದರೆ ಅದರಿಂದ ಯಾರ ಬಾಯಿಯೂ ಮುಚ್ಚಲಿಲ್ಲ.

ಆಮೇಲೆ ಬಂದ ಪಂಡಿತರು ಶಕ್ತಿಯನ್ನೇ ಎರಡಾಗಿ ನೋಡಿದರು. ದೇವರು ಮಾಡಬಹುದಾದದ್ದು ಒಂದು. ಮಾಡುತ್ತೇನೆ ಅಂತ ತಾನೇ ನಿಗದಿ ಮಾಡಿಕೊಂಡದ್ದು ಇನ್ನೊಂದು. ನಮ್ಮ ಕಡೆಯ ಕೊಂಕಣಿ ಕಥೋಲಿಕರು ಇದನ್ನು ಓದದೆಯೂ ಬಲ್ಲರು. ಸೆಪ್ಟೆಂಬರ್ 8ರ ತೆನೆ ಹಬ್ಬಕ್ಕೆ ಹೊಸ ತೆನೆಯನ್ನು ಪಾದ್ರಿಗಳ ಕೈಲಿ ಆಶೀರ್ವಾದ ಮಾಡಿಸಿ ಮನೆಗೆ ತರುತ್ತಾರೆ. ಆದರೆ ಅಡಿಕೆಗೆ ಕೊಳೆ ರೋಗ ಬರುತ್ತದೆ ಅಂತ ಮೈಲುತುತ್ತು, ಸುಣ್ಣ ಕಲಸಿ ಬೋರ್ಡೋ ದ್ರಾವಣ ಹೊಡೆಸೋದನ್ನು ಯಾರೂ ಬಿಡುವುದಿಲ್ಲ. ಅದನ್ನು ನಂಬಿಕೆ ಕಡಿಮೆ ಅಂತ ಯಾರೂ ಅನ್ನೋದಿಲ್ಲ, ಅಲ್ವಾ?

13ನೇ ಶತಮಾನದ ಥಾಮಸ್ ಅಕ್ವಿನಾಸರು ಇನ್ನೂ ಖಡಕ್ಕು. ಮನುಷ್ಯ ಮನುಷ್ಯನಾಗಿದ್ದೂ ಕತ್ತೆಯಾಗಿರುವುದು ಒಂದು ಕೆಲಸವೇ ಅಲ್ಲ. ದೇವರಿಗೆ ಆಗಲ್ಲ ಅನ್ನುವ ಬದಲು, ಅದು ಆಗುವಂಥದ್ದೇ ಅಲ್ಲ ಅನ್ನಿ ಎಂದರು. ಹುಡುಗರ ಕಲ್ಲಿನ ಒಗಟನ್ನೂ ಇದೇ ದಾರಿಯಲ್ಲಿ ಬಿಡಿಸಬಹುದು. 1277ರಲ್ಲಿ ಮಾತು ಮತ್ತೆ ದೇವರಿಗೆ ಆಗದ್ದಿಲ್ಲ ಅನ್ನುವ ಕಡೆಗೆ ವಾಲಿತು. ಪ್ಯಾರಿಸ್ಸಿನ ಬಿಷಪ್ 219 ಹೇಳಿಕೆಗಳನ್ನು ಖಂಡಿಸಿದರು. ದೇವರು ಒಂದಕ್ಕಿಂತ ಜಾಸ್ತಿ ಲೋಕಗಳನ್ನು ಮಾಡಲಾರ ಅನ್ನುವುದೂ ಅದರಲ್ಲಿತ್ತು. ಆಧುನಿಕ ವಿಜ್ಞಾನ ಹುಟ್ಟಿದ್ದೇ ಅಲ್ಲಿ ಅಂತ ಕೆಲವರು ಹೇಳುತ್ತಾರೆ. ಅದು ಸ್ವಲ್ಪ ಜಾಸ್ತಿಯಾಯಿತು. ಅರಿಸ್ಟಾಟಲ್ ಹೇಳಿದ್ದೇ ಕೊನೆಯಲ್ಲ ಅಂತ ಯೋಚಿಸುವ ಧೈರ್ಯವಂತೂ ಬಂತು.

ಉಳಿದದ್ದು ಬೇಗ ಮುಗಿಯುತ್ತದೆ. 1755ರ ನವೆಂಬರ್ 1, ಸಕಲ ಸಂತರ ಹಬ್ಬದ ಬೆಳಿಗ್ಗೆ ಪೋರ್ಚುಗಲ್ಲಿನ ಲಿಸ್ಬನ್ ನಗರ ಭೂಕಂಪಕ್ಕೆ ನಡುಗಿತು. ಚರ್ಚುಗಳು ತುಂಬಿದ್ದ ಹೊತ್ತು. ಅಲ್ಲಿಂದಾಚೆಗೆ ಪ್ರಶ್ನೆ ತರ್ಕದ್ದಾಗಿ ಉಳಿಯಲಿಲ್ಲ, ಸಂಕಟದ್ದಾಯಿತು. ಶಕ್ತಿಯೂ ಇದೆ, ಪ್ರೀತಿಯೂ ಇದೆ ಅಂದರೆ ಇದು ಯಾಕಾಯಿತು? 1955ರಲ್ಲಿ ತತ್ವಜ್ಞಾನಿ ಜೆ.ಎಲ್. ಮ್ಯಾಕಿ ಇದನ್ನೇ ಬಿಗಿಯಾಗಿ ಕೇಳಿದರು. ಮನುಷ್ಯನಿಗೆ ಸ್ವಾತಂತ್ರ್ಯ ಕೊಟ್ಟ ಮೇಲೆ ಅವನು ತಪ್ಪೇ ಮಾಡದ ಹಾಗೆ ದೇವರೂ ಕೈಹಿಡಿದು ನಡೆಸಲಾಗದು ಅಂತ ಇನ್ನೊಬ್ಬ ತತ್ವಜ್ಞಾನಿ ಆಲ್ವಿನ್ ಪ್ಲಾಂಟಿಂಗಾ ಉತ್ತರ ಕೊಟ್ಟರು.

ಈಗ ಮಲೆನಾಡಿನ ಪೇಟೆಗಳಲ್ಲೂ ಸ್ವಸ್ಥತೆಯ ಕೂಟಗಳ ಬ್ಯಾನರು ಕಾಣುತ್ತವೆ. ಗುಣವಾದವರು ವೇದಿಕೆ ಹತ್ತಿ ಸಾಕ್ಷಿ ಹೇಳುತ್ತಾರೆ. ಗುಣವಾಗದವರು ಸುಮ್ನೆ ಮನೆಗೆ ಹೋಗುತ್ತಾರೆ. ಬೈಬಲ್ಲಿನ ಯೋಬನ ಗ್ರಂಥದಲ್ಲಿ, ಯೋಬನ ಗೆಳೆಯರು ಅವನ ಕಷ್ಟಕ್ಕೆ ಅವನನ್ನೇ ದೂರಿದ್ದರು. ಆ ಗ್ರಂಥದ ಕೊನೆಗೆ ದೇವರು ಸಿಟ್ಟಾಗುವುದು ಆ ಗೆಳೆಯರ ಮೇಲೆ.

ನಾಜಿ ಜೈಲಿನಲ್ಲಿದ್ದ ಜರ್ಮನಿಯ ಪಾಸ್ಟರ್ ಬೊನ್‌ಹೋಫರ್ 1944ರಲ್ಲಿ ಬೇರೆಯೇ ಮಾತು ಬರೆದರು. ನೋವು ತಿನ್ನುವ ದೇವರು ಮಾತ್ರ ನಮಗೆ ನೆರವಾಗಬಲ್ಲ ಅಂತ. ನಮ್ಮ ಕಡೆಯ ಪ್ರಸಂಗಗಳಲ್ಲಿ ನಾನು ಈ ಧಾಟಿಯ ಮಾತು ಕೇಳಿದ್ದು ಕಡಿಮೆ, ಶುಭ ಶುಕ್ರವಾರ ಒಂದು ಬಿಟ್ಟರೆ.