ಬಿಚ್ಚುವ ದಾರಿಯಿಲ್ಲದ ಉಡುಪು

ಮೇ ತಿಂಗಳ ಒಂದು ರಾತ್ರಿ ಕೊಪ್ಪಳದ ನಮ್ಮ ಮನೆಯ ಮಾಳಿಗೆಯ ಮೇಲೆ ಹನ್ನೊಂದು ಜನರನ್ನು ಕೂರಿಸಿ 'ಸೋಲಾರಿಸ್' ತೋರಿಸಿದೆ. ಸ್ಟೀವನ್ ಸೋಡರ್‌ಬರ್ಗ್ 2002ರಲ್ಲಿ ನಿರ್ದೇಶಿಸಿದ, ಜಾರ್ಜ್ ಕ್ಲೂನಿ ನಟಿಸಿದ ಚಿತ್ರ. ಮಂಡಾಳು ಒಗ್ಗರಣೆಯೂ ಮಿರ್ಚಿಯೂ ಮೊದಲ ಇಪ್ಪತ್ತು ನಿಮಿಷದಲ್ಲಿ ಮುಗಿದವು. ನೋಡುವವರ ತಾಳ್ಮೆ ಅದಕ್ಕೂ ಹತ್ತು ನಿಮಿಷ ಮೊದಲೇ ಮುಗಿದಿತ್ತು. ಗೊಬ್ಬರದ ಅಂಗಡಿಯ ಗೆಳೆಯರು, "ಇಷ್ಟು ಹೊತ್ತಿನಲ್ಲಿ ಹೊಸಪೇಟೆಗೆ ಹೋಗಿ ಡ್ಯಾಂ ನೋಡಿಕೊಂಡು ಬರಬಹುದಿತ್ತು ಸರ್" ಎಂದರು. ಬಿ.ಎಸ್ಸಿ. ಓದುವ ಹುಡುಗನೊಬ್ಬ ಗುದ್ದಾಟ, ಸ್ಫೋಟ ಏನಾದರೂ ಬರಬಹುದೆಂದು ಕಾದಿದ್ದ. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡು ಕುಳಿತದ್ದು ಅವನಿಗೆ ಮೋಸವೆನಿಸಿತು. ಮತ್ತೊಬ್ಬರು ತೀರ್ಪನ್ನೇ ಕೊಟ್ಟುಬಿಟ್ಟರು: "ಇದು ದೆವ್ವದ ಸಿನೆಮಾ. ನಮ್ಮವರು ತೆಗೆದಿದ್ದರೆ ಒಂದು ನಿಂಬೆಹಣ್ಣಿನಲ್ಲಿ ಮುಗಿಯುತ್ತಿತ್ತು."

ಅಮೆರಿಕದಲ್ಲೂ ಇದೇ ಆಗಿತ್ತು. ಚಿತ್ರಮಂದಿರದಿಂದ ಹೊರಬರುವವರ ಕೈಯಲ್ಲಿ ಅಂಕ ಹಾಕಿಸುವ ಸಿನೆಮಾಸ್ಕೋರ್ ಸಮೀಕ್ಷೆಯಲ್ಲಿ ಇದಕ್ಕೆ ಸಿಕ್ಕಿದ್ದು 'ಎಫ್', ಅಂದರೆ ನಪಾಸು. ಸುಮಾರು 4.7 ಕೋಟಿ ಡಾಲರ್ ಸುರಿದು ತೆಗೆದ ಚಿತ್ರ 3 ಕೋಟಿ ದುಡಿಯಲು ಏದುಸಿರು ಬಿಟ್ಟಿತು. ಪ್ರೇಮಕಥೆ ಹುಡುಕಿ ಬಂದವರಿಗೆ ಬಾಹ್ಯಾಕಾಶ ಜಾಸ್ತಿಯಾಯಿತು, ಬಾಹ್ಯಾಕಾಶ ಹುಡುಕಿ ಬಂದವರಿಗೆ ಪ್ರೇಮ ಜಾಸ್ತಿಯಾಯಿತು. 1961ರಲ್ಲಿ ಮೂಲ ಕಾದಂಬರಿ ಬರೆದ ಪೋಲೆಂಡಿನ ಸ್ತಾನಿಸ್ಲಾವ್ ಲೆಮ್ ಅವರಂತೂ ಚಿತ್ರ ನೋಡದೆ, ವಿಮರ್ಶೆಗಳನ್ನಷ್ಟೇ ಓದಿ, ತಾವು ಪುಸ್ತಕಕ್ಕೆ ಸೋಲಾರಿಸ್ ಎಂದು ಹೆಸರಿಟ್ಟದ್ದೇ ಹೊರತು 'ಬಾಹ್ಯಾಕಾಶದಲ್ಲಿ ಪ್ರೇಮ' ಎಂದಲ್ಲ ಎಂದು ಗೊಣಗಿದರು. ನೋಡದೆ ಅಭಿಪ್ರಾಯ ಹೇಳುವ ಚಟ ನಮ್ಮೂರ ಕಟ್ಟೆಯದು ಮಾತ್ರವಲ್ಲ.

ನನ್ನ ತಕರಾರು ಬೇರೆ. ನಿಧಾನ ಎಂದವರೂ ದೆವ್ವ ಎಂದವರೂ ಈ ಕಥೆಯ ಹೊಟ್ಟೆಯಲ್ಲಿರುವ ವಿಜ್ಞಾನವನ್ನು ದಾಟಿಕೊಂಡು ಹೋದರು. ರೀಮೇಕ್ ಎಂದರೆ ಮೂಗು ಮುರಿಯುವ, 'ಸ್ವಮೇಕ್' ಎಂಬ ಪದವನ್ನೇ ಹುಟ್ಟಿಸಿಕೊಂಡಿರುವ ನಮಗಾದರೂ ಅದು ಹೊಳೆಯಬೇಕಿತ್ತು. ಏಕೆಂದರೆ ಈ ಕಥೆಯ ನಾಯಕಿಯೇ ಒಂದು ರೀಮೇಕ್.

ಸೋಲಾರಿಸ್ ಗ್ರಹವನ್ನು ಸುತ್ತುವ ನಿಲ್ದಾಣಕ್ಕೆ ಕೆಲ್ವಿನ್ ಎಂಬ ಮನಶ್ಶಾಸ್ತ್ರಜ್ಞ ಹೋಗುತ್ತಾನೆ. ಒಂದು ನಿದ್ದೆ ಮುಗಿಸಿ ಎದ್ದರೆ, ಎಂದೋ ಆತ್ಮಹತ್ಯೆ ಮಾಡಿಕೊಂಡ ಹೆಂಡತಿ ರೇಯಾ ಪಕ್ಕದಲ್ಲಿದ್ದಾಳೆ. ಗ್ರಹವೇ ಅವನ ತಲೆಯೊಳಗಿಂದ ಅವಳನ್ನು ಎತ್ತಿ, ಮೈ ಕೊಟ್ಟು ಕಳುಹಿಸಿದೆ. ಹೇಗೆ ಎಂದು ಕೇಳಬೇಡಿ. ಕಾದಂಬರಿಯಲ್ಲಿ ನ್ಯೂಟ್ರಿನೊಗಳ ವಿವರಣೆಯೊಂದಿದೆ. ಅವು ನಿಮ್ಮ ಮೈಯೊಳಗಿಂದ ಕ್ಷಣಕ್ಕೆ ಕೋಟಿಗಟ್ಟಲೆ ಹಾದುಹೋಗುವ ಕಣಗಳು, ಒಂದೆಡೆ ನಿಂತು ಸಂಸಾರ ಹೂಡುವ ಜಾತಿಯವಲ್ಲ. ಕೇಳಬೇಕಾದ ಪ್ರಶ್ನೆ ಇದು: ಬಂದವಳು ರೇಯಾಳೋ, ಕೆಲ್ವಿನ್ನನ ನೆನಪಿನ ರೇಯಾಳೋ? ಅವಳಿಗೇ ಈ ಅನುಮಾನ ಹತ್ತುತ್ತದೆ. ಘಟನೆಗಳು ನೆನಪಿವೆ, ಅಲ್ಲಿ ತಾನಿದ್ದೆ ಎಂಬ ಅನುಭವ ಮಾತ್ರ ಇಲ್ಲ. ಸಾವನ್ನು ಹುಡುಕುವ ಹೆಣ್ಣೆಂದೇ ಅವನು ನೆನಪಿಟ್ಟುಕೊಂಡಿರುವುದರಿಂದ ಅವಳು ಮತ್ತೆ ಸಾಯಲು ಹೊರಡುತ್ತಾಳೆ.

ಕಾದಂಬರಿಯಲ್ಲೂ, ಆಂದ್ರೇ ತಾರ್ಕೋವ್‌ಸ್ಕಿ 1972ರಲ್ಲಿ ತೆಗೆದ ರಷ್ಯನ್ ಚಿತ್ರದಲ್ಲೂ ಇದಕ್ಕೊಂದು ಸಣ್ಣ ಸಾಕ್ಷ್ಯವಿದೆ. ನನ್ನ ಲೆಕ್ಕದಲ್ಲಿ ಇಡೀ ಕಥೆಯ ತೂಕ ಅದರ ಮೇಲಿದೆ. ಬಂದವಳ ಉಡುಪಿಗೆ ಬಿಚ್ಚುವ ದಾರಿಯೇ ಇಲ್ಲ. ಬಿಗಿದದ್ದೆಲ್ಲ ತೋರಿಕೆಗೆ, ಕೊನೆಗೆ ಕತ್ತರಿಸಿಯೇ ತೆಗೆಯಬೇಕಾಗುತ್ತದೆ. ಗಂಡನಿಗೆ ಉಡುಪು ನೆನಪಿತ್ತು, ಅದು ಎಲ್ಲಿ ಬಿಚ್ಚಿಕೊಳ್ಳುತ್ತದೆ ಎಂಬುದು ನೆನಪಿರಲಿಲ್ಲ. ಗ್ರಹ ಪಾಪ, ಇದ್ದಷ್ಟನ್ನು ಹೊಲಿದು ಕಳುಹಿಸಿತು.

ನಿಮ್ಮನ್ನೇ ಪರೀಕ್ಷಿಸಿಕೊಳ್ಳಿ. ಐವತ್ತು ರೂಪಾಯಿಯ ಹೊಸ ನೋಟಿನ ಹಿಂಬದಿಯಲ್ಲಿ ನಮ್ಮ ಹಂಪಿಯ ಕಲ್ಲಿನ ರಥವಿದೆ. ಅದರ ಆನೆಗಳು ಎಡಕ್ಕೆ ಮುಖ ಮಾಡಿವೆಯೋ ಬಲಕ್ಕೋ? ಜೇಬಿಗೆ ಕೈ ಹಾಕಬೇಡಿ. ಮಾಳಿಗೆಯ ಮೇಲಿದ್ದ ಹನ್ನೊಂದು ಜನರೂ ಹಂಪಿಯನ್ನು ಹತ್ತಾರು ಸಲ ನೋಡಿದವರು, ನೋಟನ್ನು ದಿನವೂ ಎಣಿಸುವವರು. ಆದರೂ ಎರಡು ಪಕ್ಷವಾಗಿ ಕಿತ್ತಾಡಿದರು. 1979ರಲ್ಲಿ ನಿಕರ್ಸನ್ ಮತ್ತು ಆಡಮ್ಸ್ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕನ್ನರಿಗೆ ಅವರದೇ ಒಂದು ಸೆಂಟ್ ನಾಣ್ಯವನ್ನು ನೆನಪಿನಿಂದ ಬರೆಯಲು ಹೇಳಿದಾಗಲೂ ಇದೇ ಪಾಡಾಗಿತ್ತು.

ಇನ್ನು ನನಗೆ ಪ್ರಿಯವಾದ ಭಾಗ. ನೆನಪೆಂದರೆ ಮಿದುಳಿನ ದಫ್ತರದಲ್ಲಿ ಕಟ್ಟಿಟ್ಟ ಕಾಗದ, ಬೇಕಾದಾಗ ತೆಗೆದು ಓದಿ ಹಾಗೆಯೇ ಇಡಬಹುದು ಎಂದು ಬಹಳಷ್ಟು ಜನ ನಂಬಿದ್ದಾರೆ. ಈಚೆಗೆ ದಫ್ತರದ ಬದಲು ಮೆಮೊರಿ ಕಾರ್ಡ್ ಎನ್ನುತ್ತಾರೆ, ತಪ್ಪು ಅದೇ. 2000ದಲ್ಲಿ, ಈ ಚಿತ್ರ ತೆರೆಗೆ ಬರುವ ಎರಡು ವರ್ಷ ಮುಂಚೆ, ನ್ಯೂಯಾರ್ಕಿನಲ್ಲಿ ಕರೀಮ್ ನಾದರ್, ಗ್ಲೆನ್ ಶೇಫ್ ಮತ್ತು ಜೋಸೆಫ್ ಲೆಡೂ ಇಲಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಒಂದು ಸದ್ದು, ಹಿಂದೆಯೇ ಕಾಲಿಗೆ ಸಣ್ಣ ವಿದ್ಯುತ್ ಆಘಾತ. ಆಮೇಲೆ ಸದ್ದು ಕೇಳಿದರೆ ಸಾಕು, ಇಲಿ ಮರಗಟ್ಟಿ ನಿಲ್ಲುತ್ತದೆ. ಮರುದಿನ ಸದ್ದನ್ನು ಮತ್ತೆ ಕೇಳಿಸಿ, ನೆನಪು ಎದ್ದು ಕುಳಿತ ಕೂಡಲೇ, ಮಿದುಳಿನಲ್ಲಿ ಭಯದ ನೆಲೆಯಾದ ಅಮಿಗ್ಡಲಕ್ಕೆ ಅನಿಸೊಮೈಸಿನ್ ಚುಚ್ಚಿದರು. ಹೊಸ ಪ್ರೋಟೀನ್ ತಯಾರಾಗುವುದನ್ನು ತಡೆಯುವ ಔಷಧ ಅದು. ಮುಂದೆ ಸದ್ದಿಗೆ ಇಲಿ ಹೆದರುವುದು ಬಹಳ ಮಟ್ಟಿಗೆ ನಿಂತೇಹೋಯಿತು. ಸದ್ದು ಕೇಳಿಸದೆ ಔಷಧ ಮಾತ್ರ ಕೊಟ್ಟ ಇಲಿಗಳಲ್ಲಿ ಭಯ ಇದ್ದಂತೆಯೇ ಇತ್ತು. ಅಂದರೆ ಸುಮ್ಮನೆ ಕುಳಿತ ನೆನಪು ಗಟ್ಟಿ, ನೆನೆದ ನೆನಪು ಮೆದು. ಅದು ಮತ್ತೆ ಗಟ್ಟಿಯಾಗಬೇಕಾದರೆ ನರಕೋಶಗಳ ಸಂಧಿಗಳಲ್ಲಿ ಹೊಸದಾಗಿ ಪ್ರೋಟೀನ್ ಕಟ್ಟಬೇಕು.

ನಮ್ಮ ಕಡೆ ಜಾತ್ರೆಗೆ ಮುಂಚೆ ದ್ಯಾಮವ್ವನ ಮರದ ಮೂರ್ತಿಗೆ ಬಣ್ಣ ಹಚ್ಚಿಸುತ್ತಾರಲ್ಲ, ಹಾಗೆ. ಇಲ್ಲೇ ಹತ್ತಿರದ ಕಿನ್ನಾಳದ ಚಿತ್ರಗಾರರದು ಅದರಲ್ಲಿ ಎತ್ತಿದ ಕೈ. ಗುಡಿಯಲ್ಲಿ ಕುಳಿತಿರುವ ತನಕ ದ್ಯಾಮವ್ವ ಗಟ್ಟಿ. ಇಳಿಸಿ, ಹಳೆಯ ಬಣ್ಣ ಕೆರೆದು, ಬಿರುಕಿಗೆ ಹುಣಸೆಬೀಜದ ಅಂಟು ಬೆರೆಸಿದ ಕಿಟ್ಟ ಮೆತ್ತಿದಾಗ ಅವಳಿಗೆ ಕಣ್ಣೂ ಇಲ್ಲ, ಹುಬ್ಬೂ ಇಲ್ಲ. ಯಾರ ಬೆರಳು ತಗುಲಿದರೂ ರೂಪ ಬದಲಾಗುತ್ತದೆ. ಒಣಗಿಸಿ ಕಣ್ಣು ಬರೆದ ಮೇಲೆ ಮತ್ತೆ ಗಟ್ಟಿ. ಅನಿಸೊಮೈಸಿನ್ ಮಾಡಿದ್ದಿಷ್ಟೆ: ಚಿತ್ರಗಾರನ ಕೈಯಿಂದ ಬಣ್ಣದ ಬಟ್ಟಲು ಕಿತ್ತುಕೊಂಡಿತು. ಮೂವತ್ತು ಜಾತ್ರೆ ಕಳೆದ ಮೇಲೆ ಹುಬ್ಬು ಹಿಂದಿನ ಹುಬ್ಬಲ್ಲ, ಆದರೆ ಅಜ್ಜನ ಕಾಲದಿಂದಲೂ ಹೀಗೆಯೇ ಎಂದು ಊರು ಆಣೆ ಹಾಕುತ್ತದೆ. ಇನ್ನೊಂದು ಹೋಲಿಕೆ ಬೇಡವೆಂದರೂ ಹೇಳುತ್ತೇನೆ. ಮಣ್ಣಿನ ಮಾಳಿಗೆಗೆ ಪ್ರತಿ ಮಳೆಗಾಲದ ಮುಂಚೆ ಹೊಸ ಮಣ್ಣು ಹಾಕಿ ತುಳಿಯುತ್ತಾರೆ. ಮನೆ ಮುತ್ತಜ್ಜನದು, ಮಣ್ಣು ಹೋದ ವರ್ಷದ್ದು. (ಎಲ್ಲ ನೆನಪೂ ಪ್ರತಿ ಸಲವೂ ಹೀಗೆ ಮೆದುವಾಗುವುದಿಲ್ಲ, ಮನುಷ್ಯರಲ್ಲಿ ಇದು ಎಷ್ಟರಮಟ್ಟಿಗೆ ನಡೆಯುತ್ತದೆ ಎಂಬ ಜಗಳ ಇನ್ನೂ ಮುಗಿದಿಲ್ಲ.)

ಈ ಕಥೆಯ ಹಣೆಬರಹವೂ ಹಾಗೆಯೇ. ಪೋಲಿಷ್ ಕಾದಂಬರಿಯಲ್ಲಿ ಹೆಂಡತಿಯ ಹೆಸರು ಹಾರೇ. ರಷ್ಯನ್ ಚಿತ್ರದಲ್ಲಿ ಹಾರಿ. 1970ರಲ್ಲಿ ಬಂದ ಇಂಗ್ಲಿಷ್ ಅನುವಾದ ಪೋಲಿಷ್‌ನಿಂದಲ್ಲ, ಫ್ರೆಂಚ್ ಅನುವಾದದಿಂದ ಆದದ್ದು. ಅಲ್ಲಿ ಅಕ್ಷರಗಳು ಅದಲುಬದಲಾಗಿ ರೇಯಾ ಆದಳು, ಕ್ಲೂನಿಯ ಪಕ್ಕದಲ್ಲಿ ಎಚ್ಚರಾದವಳು ಆ ರೇಯಾ. ಪೋಲಿಷ್‌ನಿಂದ ನೇರವಾಗಿ ಇಂಗ್ಲಿಷ್‌ಗೆ ಬರಲು 2011 ಆಗಬೇಕಾಯಿತು.

ದೊಡ್ಡ ಘಟನೆ ಕಲ್ಲಿನಲ್ಲಿ ಕೊರೆದಂತೆ ನೆನಪಿರುತ್ತದೆ ಎನ್ನುವವರು ಗೊಬ್ಬರದ ಅಂಗಡಿಯ ಗೆಳೆಯರನ್ನು ಕೇಳಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತಷ್ಟೆ. ಆ ರಾತ್ರಿ ತಾವು ಮುನಿರಾಬಾದಿನಲ್ಲೇ ಇದ್ದುದಾಗಿಯೂ ನೀರಿನ ಸದ್ದಿಗೆ ಎದೆ ನಡುಗಿದ್ದಾಗಿಯೂ ಅವರು ಈಗ ಹೇಳುತ್ತಾರೆ. ಮರುದಿನ ಬೆಳಿಗ್ಗೆ ಹೋಟೆಲಿನ ಟಿ.ವಿ.ಯ ಎದುರು ನನ್ನ ಪಕ್ಕದಲ್ಲಿ ಕುಳಿತು, "ಏನು ಸರ್ ಇದು, ನನಗೆ ಈಗ ಗೊತ್ತಾಯಿತು" ಎಂದವರು ಅವರೇ. ಸುಳ್ಳುಗಾರರಲ್ಲ. ಹತ್ತಾರು ಸಲ ಹೇಳಿದ್ದಾರೆ, ಹತ್ತಾರು ಕೋಟು ಬಣ್ಣ ಬಿದ್ದಿದೆ. 1986ರ ಜನವರಿಯಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆ ಚಾಲೆಂಜರ್ ಸಿಡಿದ ಮರುದಿನ ಬೆಳಿಗ್ಗೆ ಮನಶ್ಶಾಸ್ತ್ರಜ್ಞ ಉಲ್ರಿಕ್ ನೈಸರ್ ತಮ್ಮ ವಿದ್ಯಾರ್ಥಿಗಳಿಂದ, ಸುದ್ದಿ ತಿಳಿದಾಗ ಎಲ್ಲಿದ್ದಿರಿ ಎಂದು ಬರೆಸಿಕೊಂಡರು. ಎರಡೂವರೆ ವರ್ಷದ ನಂತರ ಅದೇ ಪ್ರಶ್ನೆ ಕೇಳಿದರೆ, ಸುಮಾರು ಕಾಲು ಭಾಗದವರ ಉತ್ತರ ಅಡಿಯಿಂದ ಮುಡಿಯವರೆಗೆ ತಪ್ಪು. ಅವರದೇ ಕೈಬರಹ ತೋರಿಸಿದರೂ ಹೊಸ ಕಥೆ ಜಗ್ಗಲಿಲ್ಲ. (ಈ ಉಪಕಥೆ ಕೇಳಿದ ಗೆಳೆಯರು ನನಗೇ ತಪ್ಪು ನೆನಪಿದೆ ಎಂದರು. ಇರಬಹುದು. ನನ್ನ ಬಳಿ ಕೈಬರಹವಿಲ್ಲ.)

ನಿಂಬೆಹಣ್ಣಿನವರದೊಂದು ಬಾಕಿ ಇದೆ. ಅವತ್ತು ಮೂಲೆಯಲ್ಲಿ ನಮ್ಮ ಚಿಗವ್ವ ಕುಳಿತಿದ್ದಳು. ಕಾಕಾ ತೀರಿಕೊಂಡು ಆರು ವರ್ಷ. ಸಂಜೆ ಏಳರ ಸುಮಾರಿಗೆ ಅಂಗಳದಲ್ಲಿ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದ ಸದ್ದು ಅವಳಿಗೆ ಕೇಳಿಸುತ್ತದೆ. ಸೈಕಲ್ ಮಾರಿ ಐದು ವರ್ಷವಾಯಿತು. ಬಂಧುಗಳು ಗಾಳಿ ಬಿಡಿಸುವ ಒಂದು ಜಾಗಕ್ಕೆ ಕರೆದೊಯ್ದು ಎಂಟು ಸಾವಿರ ಕಳೆದು ತಾಯಿತ ಕಟ್ಟಿಸಿದರು. ಸದ್ದು ನಿಲ್ಲಲಿಲ್ಲ, ಅದರ ಮೇಲೆ ಹೆದರಿಕೆ ಬೇರೆ ಶುರುವಾಯಿತು. ನನಗೆ ಸಿಟ್ಟು ಬರುವುದು ಇಲ್ಲಿ. ವೇಲ್ಸಿನ ವೈದ್ಯ ಡೀವಿ ರೀಸ್ 1971ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಾಳಸಂಗಾತಿಯನ್ನು ಕಳೆದುಕೊಂಡ 293 ಜನರನ್ನು ಮಾತನಾಡಿಸಿದ್ದರು. ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಸತ್ತವರು ಹತ್ತಿರವಿದ್ದಂತೆ ಅನಿಸಿತ್ತು, ಕಂಡಿತ್ತು ಇಲ್ಲವೇ ಕೇಳಿಸಿತ್ತು. ಬಹುತೇಕರು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ನಲವತ್ತು ವರ್ಷ ಸಂಜೆ ಏಳಕ್ಕೆ ಒಂದು ಸದ್ದನ್ನು ಕಾದ ಕಿವಿ, ಸದ್ದು ಬರದಿದ್ದರೆ ತಾನೇ ಹುಟ್ಟಿಸಿಕೊಳ್ಳುವುದು ರೋಗವೂ ಅಲ್ಲ, ಗಾಳಿಯೂ ಅಲ್ಲ.

ಚಿತ್ರ ಮುಗಿದಾಗ ಎಲ್ಲರಿಗಿಂತ ಕೊನೆಗೆ ಚಿಗವ್ವ ಬಾಯಿ ತೆರೆದಳು. "ತಮ್ಮಾ, ನನಗೆ ನೆನಪಾಗುವ ನಿಮ್ಮ ಕಾಕಾ ಒಮ್ಮೆಯೂ ಬೈಯುವುದಿಲ್ಲ. ಅವರು ಬೈಯದ ದಿನವೇ ಇರಲಿಲ್ಲವಲ್ಲ, ಆ ಮನುಷ್ಯ ಎಲ್ಲಿ ಹೋದರು?" ಬಿ.ಎಸ್ಸಿ. ಹುಡುಗ ಪ್ರೊಜೆಕ್ಟರಿನ ವೈರು ಸುತ್ತುವುದನ್ನು ನಿಲ್ಲಿಸಿ ಅವಳ ಕಡೆ ನೋಡಿದ. ನಾನು ಪ್ರೋಟೀನ್ ಎಂದು ಶುರುಮಾಡಿ ಸುಮ್ಮನಾದೆ.

ಮುಂದಿನ ಭಾನುವಾರ ರಷ್ಯನ್ ಚಿತ್ರ ತೋರಿಸುತ್ತೇನೆ, ಎರಡು ಗಂಟೆ ನಲವತ್ತೇಳು ನಿಮಿಷ ಎಂದು ಘೋಷಿಸಿದೆ. ಅಂದೇ ಒಬ್ಬರ ಮನೆಯಲ್ಲಿ ಮದುವೆ, ಇನ್ನೊಬ್ಬರಿಗೆ ಗಂಗಾವತಿಯಲ್ಲಿ ಕೆಲಸ ಇರುವುದು ನಿಂತ ನಿಲುವಿನಲ್ಲಿ ನೆನಪಾಯಿತು.